ಎರೆಹೊಲದಿಂದ ಓದಿದ ಹಿಮದ ಬಯಲು

ಕನ್ನಡದಲ್ಲಿ ನಿಸರ್ಗದ ಬರವಣಿಗೆ ಎಂದ ಕೂಡಲೇ ಕಣ್ಣಿಗೆ ಬರುವುದು ಹಸಿರು. ಕುವೆಂಪು ಅವರ ಮಲೆಗಳು, ಕಾರಂತರ ಕಡಲತಡಿ, ತೇಜಸ್ವಿಯವರ ಕಾಡು ಹೊಳೆಗಳು, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಎಲ್ಲವೂ ಸೇರಿ ನಮಗೆ ನೋಡುವುದನ್ನು ಕಲಿಸಿವೆ. ಆ ಪಾಠ ದೊಡ್ಡದು, ಅದರ ಋಣವೂ ದೊಡ್ಡದು. ಆದರೆ ಅದರ ಜೊತೆಗೇ ಒಂದು ಅಭ್ಯಾಸವೂ ಬಂದುಬಿಟ್ಟಿದೆ. ಮರವಿಲ್ಲದ ಕಡೆ, ಮಳೆ ಸುರಿಯದ ಕಡೆ, ಕಣ್ಣು ಹರಿದಷ್ಟೂ ಬಯಲೇ ಇರುವ ಕಡೆ ನಮ್ಮ ಗದ್ಯ ತಡವರಿಸುತ್ತದೆ. ‘ಏನೂ ಇಲ್ಲ’ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತದೆ.

ಹಾಗಾದರೆ ಭೂಮಿಯ ಅತ್ಯಂತ ದೊಡ್ಡ ಮರವಿಲ್ಲದ ಬಯಲುಗಳನ್ನು, ಅಂದರೆ ಉತ್ತರ ಮತ್ತು ದಕ್ಷಿಣ ಧ್ರುವಗಳ ಸೀಮೆಯನ್ನು, ಕನ್ನಡದ ಓದುಗ ಹೇಗೆ ಓದಬೇಕು? ಅಲ್ಲಿಗೆ ಹೋಗಿ ಬಂದವರು ಬರೆದ ಪುಸ್ತಕಗಳಲ್ಲಿ ಏನನ್ನು ಹುಡುಕಬೇಕು? ಈ ಪ್ರಶ್ನೆಯನ್ನು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯ ಕಡೆಯಿಂದ ಕೇಳುವುದು ವಿಚಿತ್ರವೆನಿಸಬಹುದು. ಬೇಸಿಗೆಯಲ್ಲಿ ಕಾದ ಕಾವಲಿಯಂತಾಗುವ ಈ ನೆಲಕ್ಕೂ ಆ ಹಿಮಕ್ಕೂ ಏನು ಸಂಬಂಧ? ಹವೆಯಲ್ಲಿ ಸಂಬಂಧವಿಲ್ಲ, ನಿಜ. ಆದರೆ ಬಯಲನ್ನು ಓದುವ ಕಷ್ಟ ಎರಡೂ ಕಡೆ ಒಂದೇ. ಮಲೆನಾಡಿನ ಕಣ್ಣಿಗಿಂತ ಬಯಲುಸೀಮೆಯ ಕಣ್ಣು ಧ್ರುವದ ಪುಸ್ತಕಗಳನ್ನು ಓದಲು ಹೆಚ್ಚು ತಯಾರಾಗಿದೆ ಎಂಬುದು ನನ್ನ ವಾದ.

*

ಮೊದಲು, ಧ್ರುವ ನಮ್ಮಲ್ಲಿಗೆ ಹೇಗೆ ಬಂತು ಎಂದು ನೋಡೋಣ. ಅದು ನೆಲವಾಗಿ ಬರಲಿಲ್ಲ, ಕಲ್ಪನೆಯಾಗಿ ಬಂತು. ನಮ್ಮ ಒಂದು ವರ್ಷ ದೇವತೆಗಳಿಗೆ ಒಂದು ದಿನ, ಉತ್ತರಾಯಣ ಅವರ ಹಗಲು, ದಕ್ಷಿಣಾಯನ ಅವರ ಇರುಳು ಎಂಬ ಮಾತು ಪಂಚಾಂಗ ಓದುವ ಯಾರಿಗೂ ಹೊಸದಲ್ಲ. ಮೇರುವಿನಲ್ಲಿರುವವರು ಒಮ್ಮೆ ಉದಯಿಸಿದ ಸೂರ್ಯನನ್ನು ಅರ್ಧ ವರ್ಷ ಕಾಣುತ್ತಾರೆ ಎಂದು ‘ಆರ್ಯಭಟೀಯ’ದ ಗೋಲಪಾದ ಹೇಳುತ್ತದೆ. ದಕ್ಷಿಣದ ತುದಿಗೆ ಅಲ್ಲಿ ಬಡವಾಮುಖವೆಂಬ ಹೆಸರು. ಯಾರೂ ಹೋಗದೆಯೇ, ಬರೀ ಲೆಕ್ಕದಿಂದ, ಧ್ರುವದ ಹಗಲಿರುಳು ನಮ್ಮವರಿಗೆ ಗೊತ್ತಿತ್ತು. ಬೆಳಕಿನ ಲೆಕ್ಕ ಇತ್ತು, ನೆಲದ ಚಿತ್ರ ಇರಲಿಲ್ಲ.

1903ರಲ್ಲಿ ಬಾಲಗಂಗಾಧರ ತಿಲಕರು ‘ದಿ ಆರ್ಕ್ಟಿಕ್ ಹೋಮ್ ಇನ್ ದಿ ವೇದಾಸ್’ ಪ್ರಕಟಿಸಿದರು. ಉಷಸ್ಸಿನ ಸೂಕ್ತಗಳಲ್ಲಿ ಮುಗಿಯದ ಮುಂಜಾವಿನ ವರ್ಣನೆ ಇದೆ, ಅದು ವಾರಗಟ್ಟಲೆ ನಡೆಯುವ ಧ್ರುವದ ಬೆಳಗೇ ಇರಬೇಕು ಎಂಬುದು ಅವರ ತರ್ಕದ ಒಂದು ಮುಖ್ಯ ಎಳೆ. ಇತಿಹಾಸಕಾರರು ಆ ತೀರ್ಮಾನವನ್ನು ಒಪ್ಪಿಲ್ಲ. ಆದರೂ ಒಂದು ಪದ್ಯವನ್ನು ಹವಾಮಾನದ ದಾಖಲೆಯಂತೆ ಓದುವ ಆ ಹಟದಲ್ಲಿ ವಿಮರ್ಶೆಯ ಒಂದು ಸಾಹಸ ಇದೆ. ಕೊರತೆಯೂ ಅಲ್ಲೇ ಇದೆ: ಅವರ ಆರ್ಕ್ಟಿಕ್‌ನಲ್ಲಿ ಆಕಾಶವಿದೆ, ಕಾಲ ಕೆಳಗೆ ಹಿಮವಿಲ್ಲ.

ಬೇಂದ್ರೆಯವರ ಕವಿತೆಯಲ್ಲೂ ಹಾಗೆಯೇ. 1971ರ ‘ಶರಪಂಜರ’ ಸಿನಿಮಾದಿಂದ ಮನೆಮಾತಾದ ಅವರ ಹಾಡು ಎರಡು ಧ್ರುವಗಳ ಹೆಸರಿನಿಂದಲೇ ಶುರುವಾಗುತ್ತದೆ. ಕನ್ನಡಿಗರ ನಾಲಿಗೆಯ ಮೇಲೆ ಧ್ರುವ ಎಂಬ ಮಾತನ್ನು ಇಷ್ಟು ಸಲೀಸಾಗಿ ಇಟ್ಟವರು ಮತ್ತೊಬ್ಬರಿಲ್ಲ. ಆದರೆ ಅಲ್ಲಿರುವುದು ಅಯಸ್ಕಾಂತದ ಧ್ರುವ, ಸೆಳೆತದ ಎರಡು ತುದಿಗಳು. ಪ್ರೇಮಕ್ಕೆ ಅದು ಬೇಕಾಗಿತ್ತು, ಹಿಮ ಬೇಕಾಗಿರಲಿಲ್ಲ.

ಈ ಕಲ್ಪನೆಗೆ ನಮ್ಮ ಪದವೇ ಬೆಂಬಲ ಕೊಡುತ್ತದೆ. ಧ್ರುವ ಎಂದರೆ ಅಲುಗದ್ದು. ಪುರಾಣದ ಬಾಲಕ ತಪಸ್ಸಿನಿಂದ ಪಡೆದದ್ದು ಕದಲದ ಸ್ಥಾನ. ಆದರೆ ನಿಜವಾದ ಧ್ರುವದ ನೆಲ ಕದಲುತ್ತಲೇ ಇರುತ್ತದೆ. ದಕ್ಷಿಣ ಧ್ರುವದಲ್ಲಿ ಗುರುತಿಗಾಗಿ ನೆಟ್ಟ ಕಂಬವನ್ನು ಪ್ರತಿ ಹೊಸ ವರ್ಷಕ್ಕೂ ಕಿತ್ತು ಬೇರೆ ಕಡೆ ನೆಡುತ್ತಾರೆ. ಯಾಕೆಂದರೆ ಅದರ ಕೆಳಗಿನ ಹಿಮದ ಹಾಸು ವರ್ಷಕ್ಕೆ ಸುಮಾರು 10 ಮೀಟರ್ ಸರಿದಿರುತ್ತದೆ. ಉತ್ತರ ಧ್ರುವದಲ್ಲಿ ನೆಲವೇ ಇಲ್ಲ, ತೇಲುವ ಹಿಮ. ಇವತ್ತು ನೆಟ್ಟ ಬಾವುಟ ನಾಳೆ ಬೇರೆಲ್ಲೋ ಇರುತ್ತದೆ. ಭಾರತದ ಮೊದಲ ಅಂಟಾರ್ಕ್ಟಿಕಾ ನೆಲೆಗೆ ‘ದಕ್ಷಿಣ ಗಂಗೋತ್ರಿ’ ಎಂದು ಹೆಸರಿಟ್ಟರು. ಹಿಮದ ಹಲಗೆಯ ಮೇಲೆ ಕಟ್ಟಿದ ಆ ನೆಲೆ ಕೆಲವೇ ವರ್ಷಗಳಲ್ಲಿ ಹಿಮದಡಿ ಹೂತುಹೋಯಿತು, ‘ಮೈತ್ರಿ’ ಎಂಬ ಬೇರೆ ನೆಲೆ ಅದರ ಜಾಗಕ್ಕೆ ಬಂತು. ಗಂಗೋತ್ರಿ ಎಂಬ ಹೆಸರು ನಮ್ಮ ಮನೆಯಿಂದ ತೆಗೆದುಕೊಂಡು ಹೋದದ್ದು. ಅಲ್ಲಿನ ನೆಲ ಅದಕ್ಕೆ ಒಗ್ಗಲಿಲ್ಲ.

ಆದ್ದರಿಂದ ಧ್ರುವದ ಪುಸ್ತಕಕ್ಕೆ ಮೊದಲ ಪರೀಕ್ಷೆ ಇದು: ಬರೆದವರು ನೆಲ ಸರಿಯುವುದನ್ನು ಕಂಡಿದ್ದಾರೆಯೇ, ಅಥವಾ ಒಂದು ನಿಂತ ಚಿತ್ರಕ್ಕೆ ಬಿಳಿ ಬಣ್ಣ ಬಳಿದಿದ್ದಾರೆಯೇ? ಹಗರಿಯ ದಂಡೆಯವರಿಗೆ ಈ ಪ್ರಶ್ನೆ ಬೇಗ ಹೊಳೆಯುತ್ತದೆ. ಮುಂಗಾರಿನ ಗಾಳಿಗೆ ಹೊಳೆಯ ಉಸುಕು ಎದ್ದು ದಂಡೆಯ ಹೊಲದ ಮೇಲೆ ಸರಿದು ದಿಬ್ಬವಾಗುವುದನ್ನು ಕಂಡವರಿಗೆ, ಧ್ರುವದ ಗಾಳಿ ಹಿಮವನ್ನು ಗೀರಿ ಎಬ್ಬಿಸುವ ಏಣುಗಳ ವರ್ಣನೆ ಬರೀ ಅಲಂಕಾರವಾಗಿ ಕಾಣುವುದಿಲ್ಲ.

*

ಧ್ರುವ ನಮ್ಮಲ್ಲಿಗೆ ಬಂದ ಎರಡನೆಯ ದಾರಿ ಶತ್ರುವಿನದು. ನಾರ್ವೆಯ ಅಮುಂಡ್ಸೆನ್ 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದ್ದು, ಬ್ರಿಟನ್ನಿನ ಸ್ಕಾಟ್ 1912ರ ಜನವರಿ 17ರಂದು ಅಲ್ಲಿಗೆ ಬಂದು ಸೋತದ್ದು, ಮರಳುವಾಗ ಸತ್ತದ್ದು: ಈ ಕತೆ ಶಾಲೆಯ ದಿನಗಳಿಂದ ನಮಗೆ ಗೊತ್ತು. ಅದರಲ್ಲಿ ಹಿಮ ಎದುರಾಳಿ, ಮನುಷ್ಯ ನಾಯಕ.

ಕನ್ನಡದಲ್ಲಿ ಹಿಮದ ನಾಡಿನ ಅತ್ಯಂತ ಜನಪ್ರಿಯ ಪುಸ್ತಕವೂ ಇದೇ ಸಾಲಿನದು. ಸ್ಲಾವೊಮಿರ್ ರಾವಿಚ್ ಹೆಸರಿನಲ್ಲಿ 1956ರಲ್ಲಿ ಬಂದ ‘ದಿ ಲಾಂಗ್ ವಾಕ್’ ಅನ್ನು ತೇಜಸ್ವಿಯವರು ‘ಮಹಾಪಲಾಯನ’ವಾಗಿ ಕನ್ನಡಕ್ಕೆ ತಂದರು. ಸೈಬೀರಿಯಾದ ಸೆರೆ ಶಿಬಿರದಿಂದ ತಪ್ಪಿಸಿಕೊಂಡವರು ಗೋಬಿ ಮರುಭೂಮಿ ಮತ್ತು ಹಿಮಾಲಯ ದಾಟಿ ಭಾರತ ಸೇರುವ ಕತೆ. ಶಿಬಿರವಿದ್ದದ್ದು ಆರ್ಕ್ಟಿಕ್ ವೃತ್ತದ ದಕ್ಷಿಣಕ್ಕೆ, ಆದರೂ ಉತ್ತರದ ಹಿಮದ ಬಗ್ಗೆ ಒಂದು ತಲೆಮಾರಿನ ಕನ್ನಡ ಓದುಗರಿಗೆ ಮನಸ್ಸಿನಲ್ಲಿ ನಿಂತದ್ದು ಈ ಪುಸ್ತಕದ ಚಿತ್ರವೇ. ಕೈಗೆತ್ತಿಕೊಂಡರೆ ಕೆಳಗಿಡಲಾಗದ ಓಟ ಅದಕ್ಕಿದೆ. ತೇಜಸ್ವಿಯವರ ಚುರುಕು ಗದ್ಯ ಆ ಓಟಕ್ಕೆ ತಕ್ಕದ್ದೇ.

ಆದರೆ ಹಿಮ ಅಲ್ಲಿ ಏನು ಮಾಡುತ್ತದೆ ಎಂದು ಗಮನಿಸಿ. ಅದು ಹೆಜ್ಜೆ ಗುರುತನ್ನು ಮುಚ್ಚುತ್ತದೆ, ಅದಕ್ಕೇ ತಪ್ಪಿಸಿಕೊಳ್ಳಲು ಹಿಮ ಸುರಿಯುವ ರಾತ್ರಿಯನ್ನೇ ಆರಿಸುತ್ತಾರೆ. ಅದು ಕಾಲನ್ನು ಕೊರೆಯುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಓಡುವವನಿಗೆ ನೆಲ ಒಂದು ಅಡ್ಡಿ, ಅಥವಾ ಒಂದು ಮರೆ. ನಿಂತು ನೋಡಲು ಅವನಿಗೆ ಪುರುಸೊತ್ತಿಲ್ಲ. ಇದು ಪುಸ್ತಕದ ದೋಷವಲ್ಲ, ಅದರ ಜಾತಿಯೇ ಅಂಥದು. ದೋಷ ಇರುವುದು, ಅದನ್ನು ಓದಿ ಹಿಮದ ನಾಡನ್ನು ಕಂಡೆವು ಎಂದುಕೊಳ್ಳುವ ನಮ್ಮಲ್ಲಿ.

ಇನ್ನೊಂದು ಕಹಿ ಮಾತೂ ಇದೆ. ರಾವಿಚ್ ತಪ್ಪಿಸಿಕೊಂಡು ಹೋದವನಲ್ಲ, 1942ರಲ್ಲಿ ಪೋಲೆಂಡಿನವರಿಗೆ ಸಿಕ್ಕ ಕ್ಷಮಾದಾನದಲ್ಲಿ ಬಿಡುಗಡೆಯಾದವನು ಎಂದು ತೋರಿಸುವ ದಾಖಲೆಗಳನ್ನು 2006ರಲ್ಲಿ ಬಿಬಿಸಿ ಹೊರಗೆ ತಂದಿತು. ಹಾಗಾದರೆ ಆ ದೀರ್ಘ ನಡಿಗೆಯ ಹಿಮವನ್ನು ಕಂಡವರು ಯಾರು? ಕಾದಂಬರಿಯಾಗಿ ಓದಿದರೆ ‘ಮಹಾಪಲಾಯನ’ಕ್ಕೆ ಇದರಿಂದ ನಷ್ಟವಿಲ್ಲ. ಕಂಡವನ ಸಾಕ್ಷಿ ಎಂದು ಓದಿದರೆ ಮಾತ್ರ ಪ್ರಶ್ನೆ ಉಳಿಯುತ್ತದೆ. ದೂರದ ನೆಲದ ಬಗ್ಗೆ ಬರೆಯುವವನನ್ನು ಪರೀಕ್ಷಿಸಲು ಓದುಗನ ಬಳಿ ಏನೂ ಇರುವುದಿಲ್ಲ, ನಂಬಿಕೆಯೊಂದೇ. ಆದ್ದರಿಂದ ಎರಡನೆಯ ಪರೀಕ್ಷೆ: ಈ ಪುಸ್ತಕದೊಳಗೆ ಬರೆದವನನ್ನು ತಿದ್ದುವವರು ಯಾರಾದರೂ ಇದ್ದಾರೆಯೇ?

*

ತಿದ್ದುವವರು ಇದ್ದೂ ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಕ್ರಾಕರ್ ಲ್ಯಾಂಡ್’ ಕತೆ ಸಾಕು. ಅಮೆರಿಕದ ಅನ್ವೇಷಕ ರಾಬರ್ಟ್ ಪಿಯರಿ 1906ರಲ್ಲಿ ಆರ್ಕ್ಟಿಕ್ ಸಾಗರದ ಆಚೆ ಹೊಸ ನೆಲದ ಶಿಖರಗಳನ್ನು ಕಂಡೆ ಎಂದು ಬರೆದು, ತನಗೆ ಹಣ ಕೊಟ್ಟ ಕ್ರಾಕರ್ ಹೆಸರನ್ನು ಅದಕ್ಕಿಟ್ಟ. ಅಂದಿನ ಅವನ ದಿನಚರಿಯಲ್ಲಿ ಆ ನೆಲದ ಸುದ್ದಿಯೇ ಇಲ್ಲ. 1914ರಲ್ಲಿ ಡೊನಾಲ್ಡ್ ಮ್ಯಾಕ್‌ಮಿಲನ್ ಅದನ್ನು ಹುಡುಕುತ್ತ ಸಮುದ್ರದ ಹಿಮದ ಮೇಲೆ ಹೊರಟ. ಒಂದು ಬೆಳಿಗ್ಗೆ ಗುಡ್ಡ, ಕಣಿವೆ, ಹಿಮದ ಶಿಖರ ಎಲ್ಲವೂ ಎದುರಿಗೆ ಕಂಡವು. ಜೊತೆಗಿದ್ದ ಇನುಯಿಟ್ ಬೇಟೆಗಾರ ಪಿಯುಗಾಟೊಕ್, ಅದು ನೆಲವಲ್ಲ, ಮಂಜು ಎಂದ. ಬಂದವರು ನಂಬದೆ ಇನ್ನೂ ಮುಂದೆ ಹೋದರು. ಸೂರ್ಯ ಸರಿದಂತೆ ಗುಡ್ಡಗಳ ಆಕಾರ ಬದಲಾಯಿತು, ಕೊನೆಗೆ ಮಾಯವಾಯಿತು. ಮರಳುವ ದಾರಿಯಲ್ಲಿ ತಂಡದ ಫಿಟ್ಜ್‌ಹ್ಯೂ ಗ್ರೀನ್ ಆ ಪಿಯುಗಾಟೊಕ್‌ನನ್ನೇ ಗುಂಡಿಟ್ಟು ಕೊಂದ.

ಬಿಸಿಲುಗುದುರೆ ಎಂಬ ನಮ್ಮ ಮಾತಿನಲ್ಲಿ ಬಿಸಿಲು ಇದೆ. ಅದು ಕೊರೆಯುವ ಚಳಿಯಲ್ಲೂ ಓಡುತ್ತದೆ ಎಂದು ನಮ್ಮ ಪದಕ್ಕೆ ಗೊತ್ತಿಲ್ಲ. ಕಾದ ನೆಲದ ಮೇಲೆ ನೀರು ಕಾಣುವುದೂ ಹಿಮದ ಮೇಲೆ ಬೆಟ್ಟ ಕಾಣುವುದೂ ಬೇರೆ ಬೇರೆ ಉಷ್ಣತೆಯ ಗಾಳಿಯ ಪದರಗಳಲ್ಲಿ ಬೆಳಕು ಬಾಗುವುದರಿಂದಲೇ. ನಮ್ಮಲ್ಲಿ ಬಿಸಿಯ ಪದರ ಕೆಳಗೆ, ಅಲ್ಲಿ ಮೇಲೆ. ಏಪ್ರಿಲ್ ಮಧ್ಯಾಹ್ನ ಎರೆಬಯಲಿನ ರಸ್ತೆಯಲ್ಲಿ ಹೋದ ಯಾವನೂ ಮುಂದೆ ಕಂಡ ನೀರಿಗೆ ಕೊಡ ಹಿಡಿದು ಓಡುವುದಿಲ್ಲ. ಬಯಲಿನವರು ಕಣ್ಣನ್ನು ಪೂರ್ತಿ ನಂಬುವುದಿಲ್ಲ. ಧ್ರುವದ ಪುಸ್ತಕ ಓದುವವರಿಗೂ ಇದೇ ಬುದ್ಧಿ ಬೇಕು.

ಆಪ್ಸ್ಲಿ ಚೆರ್ರಿ-ಗ್ಯಾರಾರ್ಡ್ ಅವರ ‘ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್’ 1922ರಲ್ಲಿ ಬಂತು. ಸ್ಕಾಟ್ ತಂಡದಲ್ಲಿದ್ದ ಅವರು 1911ರ ಚಳಿಗಾಲದಲ್ಲಿ, ಸೂರ್ಯನೇ ಇಲ್ಲದ ಕಾಲದಲ್ಲಿ, ಇಬ್ಬರು ಗೆಳೆಯರ ಜೊತೆ ಎಂಪರರ್ ಪೆಂಗ್ವಿನ್ ಹಕ್ಕಿಯ ಮೊಟ್ಟೆ ತರಲು ಹೋದರು. ಶೂನ್ಯಕ್ಕಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದ ಚಳಿ, ಹಲ್ಲು ಕಟಕಟಿಸಿ ಒಡೆದವು, ಕೊನೆಗೆ ಸಿಕ್ಕಿದ್ದು ಮೂರು ಮೊಟ್ಟೆ. ಈ ಪುಸ್ತಕದ ಹೆಚ್ಚುಗಾರಿಕೆ ಏನೆಂದರೆ ಆ ಪ್ರಯಾಣದ ಭಾಗದಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ, ಕತ್ತಲು. ನೆಲ ಅಲ್ಲಿ ಕಾಲಿಗೆ, ಕಿವಿಗೆ, ಬಟ್ಟೆಯೊಳಗೆ ಹೆಪ್ಪುಗಟ್ಟಿದ ಬೆವರಿಗೆ ಸಿಗುತ್ತದೆ. ಅಂಟಾರ್ಕ್ಟಿಕಾದಲ್ಲಿ ತಿದ್ದಲು ಮೂಲನಿವಾಸಿಗಳಿಲ್ಲ, ಇರುವವರೆಲ್ಲ ಬಂದವರೇ. ಅಲ್ಲಿ ಬಂದವನನ್ನು ತಿದ್ದುವುದು ಅವನ ಮೈ. ಆರ್ಕ್ಟಿಕ್‌ನಲ್ಲಾದರೆ ಸಾವಿರಾರು ವರ್ಷಗಳಿಂದ ಜನ ಇದ್ದಾರೆ. ಹಿಮಕರಡಿಯನ್ನೂ ಪೆಂಗ್ವಿನ್ನನ್ನೂ ಒಂದೇ ಚಿತ್ರದಲ್ಲಿ ನಿಲ್ಲಿಸುವ ನಮ್ಮ ಬರಹಗಳು ಈ ಮುಖ್ಯ ವ್ಯತ್ಯಾಸವನ್ನೇ ಮರೆಯುತ್ತವೆ.

*

ಈಗ ನಮಗೆ ಬೇಕಾದ ಪುಸ್ತಕಕ್ಕೆ ಬರೋಣ. ಬಿಸಿಲ ನಾಡಿನವನೊಬ್ಬ ಹಿಮದ ನಾಡಿಗೆ ಹೋಗಿ ಬರೆದದ್ದು ಉಂಟು. ಟೋಗೋ ದೇಶದ ತೇತೆ-ಮಿಶೆಲ್ ಪೊಮಾಸಿ ಹುಡುಗನಾಗಿದ್ದಾಗ ತೆಂಗಿನ ಮರದ ಮೇಲೆ ಹಾವು ಕಂಡು ಬಿದ್ದ. ಬದುಕಿ ಉಳಿದದ್ದಕ್ಕೆ ಹೆಬ್ಬಾವಿನ ಆರಾಧನೆಯ ಸೇವೆಗೆ ಅವನನ್ನು ಒಪ್ಪಿಸುವುದೆಂದು ಮನೆಯವರು ಮಾತು ಕೊಟ್ಟರು. ಅಷ್ಟರಲ್ಲಿ ಲೋಮೆ ಪಟ್ಟಣದ ಪುಸ್ತಕದಂಗಡಿಯಲ್ಲಿ ಗ್ರೀನ್‌ಲ್ಯಾಂಡಿನ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ಮರವಿಲ್ಲ, ಹಾವಿಲ್ಲ! ಮನೆ ಬಿಟ್ಟು ಓಡಿದ. ಆಫ್ರಿಕಾ, ಯುರೋಪುಗಳಲ್ಲಿ ದುಡಿಯುತ್ತ ವರ್ಷಗಟ್ಟಲೆ ದಾರಿ ಸವೆಸಿ, 1965ರಲ್ಲಿ ಗ್ರೀನ್‌ಲ್ಯಾಂಡ್ ಮುಟ್ಟಿದ. ಫ್ರೆಂಚಿನಲ್ಲಿ ಅವನ ಪುಸ್ತಕ 1981ರಲ್ಲಿ ಬಂತು, ಇಂಗ್ಲಿಷಿನಲ್ಲಿ ‘ಆನ್ ಆಫ್ರಿಕನ್ ಇನ್ ಗ್ರೀನ್‌ಲ್ಯಾಂಡ್’.

ಯುರೋಪಿನ ಪ್ರವಾಸಿಗೆ ಮರವಿಲ್ಲದಿರುವುದು ಕೊರತೆ, ಪೊಮಾಸಿಗೆ ಅದು ಬಿಡುಗಡೆ. ಅದೇ ನೆಲ, ಅದೇ ಇಲ್ಲದಿರುವಿಕೆ. ನೋಡುವವನ ಬೆನ್ನ ಹಿಂದಿರುವ ಊರು ಬೇರೆಯಾದ ಕಾರಣ ಅರ್ಥವೇ ಬೇರೆ. ಅವನು ಅಲ್ಲಿ ಶೂನ್ಯವನ್ನು ಕಾಣುವುದಿಲ್ಲ. ನಾಯಿಗಳು, ಸೀಲಿನ ಕೊಬ್ಬು, ಕುಡಿತ, ಜಗಳ, ಹಂಚಿಕೊಂಡು ತಿನ್ನುವ ರೀತಿ, ಸತ್ತವರ ಬಗೆಗಿನ ನಂಬಿಕೆ ಎಲ್ಲವನ್ನೂ ತನ್ನೂರಿನ ಪಕ್ಕದಲ್ಲಿಟ್ಟು ನೋಡುತ್ತಾನೆ. ಉತ್ತರದ ಉಪರ್ನವಿಕ್ ಕಡೆ ಒಬ್ಬ ಮುದುಕನ ಮಣ್ಣು ಹೆಂಟೆಯ ಮನೆಯಲ್ಲಿ ಉಳಿಯುತ್ತಾನೆ. ಆ ಮನೆಯ ಗೋಡೆ ತುಂಬ ಪತ್ರಿಕೆಗಳ ಹಾಳೆ ಅಂಟಿಸಿದೆ, ಮುದುಕನಿಗೆ ಅದೇ ಗ್ರಂಥಾಲಯ. ಪ್ರಪಂಚದ ಅಂಚು ಎಂದು ನಾವು ಕರೆಯುವ ಜಾಗದಲ್ಲಿ ಕೂತವನೊಬ್ಬ ಪ್ರಪಂಚವನ್ನೆಲ್ಲ ಗೋಡೆಗೆ ಅಂಟಿಸಿಕೊಂಡಿದ್ದಾನೆ. ಯಾರು ಯಾರಿಗೆ ದೂರ ಎಂಬ ಪ್ರಶ್ನೆ ಓದುಗನಲ್ಲಿ ತಾನಾಗಿ ಏಳುತ್ತದೆ.

ಪೊಮಾಸಿಗೆ ಮಿತಿಯೂ ಇದೆ. ಅವನ ಕಣ್ಣು ಜನರ ಮೇಲೆ ಹೆಚ್ಚು, ನೆಲದ ಮೇಲೆ ಕಡಿಮೆ. ಆ ಕೊರತೆಯನ್ನು ತುಂಬುವುದು ಬ್ಯಾರಿ ಲೋಪೆಜ್ ಅವರ ‘ಆರ್ಕ್ಟಿಕ್ ಡ್ರೀಮ್ಸ್’ (1986). ಪುಸ್ತಕದ ಆರಂಭದಲ್ಲೇ ಅಲಾಸ್ಕಾದ ಬಯಲಲ್ಲಿ ಸಂಜೆ ನಡೆಯುವಾಗ ನೆಲದ ಮೇಲೆ ಗೂಡು ಕಟ್ಟಿ ಕೂತ ಹಕ್ಕಿಗಳಿಗೆ ಅವರು ಬಾಗಿ ನಮಿಸುತ್ತಾರೆ. ಮರವಿಲ್ಲದ ಕಡೆ ಹಕ್ಕಿ ಇನ್ನೆಲ್ಲಿ ಗೂಡು ಕಟ್ಟಬೇಕು? ಅಲ್ಲಿ ನಡೆಯುವವನು ನೋಡಿ ಕಾಲಿಡಬೇಕು. ಆ ಒಂದು ಬಾಗುವಿಕೆ ಪುಸ್ತಕದ ಇಡೀ ನಿಲುವನ್ನು ಹೇಳುತ್ತದೆ. ಕಸ್ತೂರಿ ಎತ್ತು, ಹಿಮಕರಡಿ, ಬೆಳಕು, ವಲಸೆ ಎಂದು ಪುಟಗಟ್ಟಲೆ ನಿಧಾನವಾಗಿ ಸಾಗುವ ಲೋಪೆಜ್ ಕೆಲವೆಡೆ ಧ್ಯಾನಕ್ಕೆ ಜಾರಿ ಬೇಸರ ತರಿಸುತ್ತಾರೆ. ಆದರೆ ಖಾಲಿ ಎಂಬ ಮಾತನ್ನು ಅವರು ಒಪ್ಪುವುದೇ ಇಲ್ಲ.

ಈ ಪ್ರಸಂಗ ನಮ್ಮ ಸೀಮೆಯ ಓದುಗರಿಗೆ ಬೇರೆಯೇ ರೀತಿ ತಾಗಬೇಕು. ಎರೆಭೂತ ಎಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯೂ ಬಯಲ ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಕರ್ನಾಟಕದಲ್ಲಿ ಅದು ಕೊನೆಯದಾಗಿ ಕಂಡುಬಂದಿರುವ ಕೆಲವೇ ಜಾಗಗಳಲ್ಲಿ ಸಿರುಗುಪ್ಪ ತಾಲ್ಲೂಕಿನ ಬಯಲು ಒಂದು. 2011ರಿಂದ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಆ ಹಕ್ಕಿಗೆ ಕಾಡು ಬೇಡ, ಬಯಲೇ ಬೇಕು. ಬಯಲನ್ನು ಬಂಜರು ಎಂದು ಓದುವ ಕಣ್ಣಿಗೆ ಮೊದಲು ಕಾಣದೆ ಹೋಗುವುದು ಅದೇ.

*

ಇನ್ನೊಂದು ಮಾತು ಪದಗಳ ಬಗ್ಗೆ. ಹಿಮವಾಸಿಗಳಿಗೆ ಹಿಮಕ್ಕೆ ನೂರಾರು ಪದಗಳಿವೆ ಎಂಬ ಅಗ್ಗದ ಬೆರಗನ್ನು ಪಕ್ಕಕ್ಕಿಡೋಣ. ಗ್ರೀನ್‌ಲ್ಯಾಂಡಿನ ಭಾಷೆಯಲ್ಲಿ ಬೀಳುತ್ತಿರುವ ಹಿಮ ‘ಕನಿಕ್’, ಬಿದ್ದು ನೆಲದ ಮೇಲಿರುವ ಹಿಮ ‘ಅಪುಟ್’, ಸಮುದ್ರದ ಹಿಮ ‘ಸಿಕು’. ಬದುಕಲು ಬೇಕಾದ ವಿಂಗಡಣೆ ಅದು. ನಮ್ಮಲ್ಲಿ ಎರೆ, ಮಸಾರಿ, ಉಸುಕು, ಸವಳು ಇದ್ದ ಹಾಗೆ. ನಮ್ಮ ‘ಮಂಜು’ ಇಬ್ಬನಿಯೂ ಹೌದು, ಮುಸುಕೂ ಹೌದು, ಹಿಮವೂ ಹೌದು. ಆದ್ದರಿಂದ ಧ್ರುವದ ಪುಸ್ತಕವನ್ನು ಕನ್ನಡಕ್ಕೆ ತರುವವರು ಹಿಮದ ನಿಘಂಟು ಹುಡುಕಿ ಬರಿಗೈಯಲ್ಲಿ ಬರಬಹುದು. ಮಣ್ಣಿನ ನಿಘಂಟು ತೆರೆದರೆ ಬಿರುಕು, ಹೆಂಟೆ, ಹೊಪ್ಪಳಿಕೆ, ಕೆಸರು, ಗಟ್ಟಿ ನೆಲ, ಕುಸಿಯುವ ನೆಲ ಎಲ್ಲಕ್ಕೂ ಮಾತು ಸಿಗುತ್ತದೆ.

ಸವಳಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಈ ಸೀಮೆ ಭತ್ತದ ಕಣಜವಾಯಿತು. ಅದರ ಜೊತೆಗೇ, ನೀರು ನಿಂತು ಉಪ್ಪು ಮೇಲೆದ್ದ ಹೊಲಗಳೂ ಬಂದವು. ಬೇಸಿಗೆಯಲ್ಲಿ ಕಪ್ಪು ನೆಲದ ಮೇಲೆ ಬಿಳಿ ಪದರ ಹೊಳೆಯುತ್ತದೆ. ದಾರಿಹೋಕನೊಬ್ಬ ಅದನ್ನು ಹಿಮದಂತಿದೆ ಎಂದು ಫೋಟೊ ತೆಗೆಯಬಹುದು, ಚೆಂದವಾಗಿಯೂ ಬರಬಹುದು. ಹೊಲದವನಿಗೆ ಅದು ಸಾಯುತ್ತಿರುವ ನೆಲ. ಪ್ರವಾಸಿಗೆ ಬಿಳಿ ಒಂದು ಬಣ್ಣ, ಅಲ್ಲಿರುವವನಿಗೆ ಅದೊಂದು ಸುದ್ದಿ. ಧ್ರುವದ ಒಳ್ಳೆಯ ಪುಸ್ತಕ ಬಿಳಿಯನ್ನು ಸುದ್ದಿಯಾಗಿ ಓದುತ್ತದೆ: ಈ ಹಿಮ ಹೊಸದೋ ಹಳೆಯದೋ, ಕಾಲಿಟ್ಟರೆ ತಡೆಯುತ್ತದೋ ಇಲ್ಲವೋ, ಹೋದ ವರ್ಷ ಇಲ್ಲಿತ್ತೋ.

ಒಂದು ಆಕ್ಷೇಪ ಬರಬಹುದು. ಹೀಗೆ ಎಲ್ಲವನ್ನೂ ಬಳ್ಳಾರಿಗೆ ಹೋಲಿಸುತ್ತ ಹೋದರೆ ಧ್ರುವದ ಪರಕೀಯತೆಯೇ ಕಳೆದುಹೋಗುವುದಿಲ್ಲವೇ? ಹೋಗುವ ಅಪಾಯ ಇದೆ. ತಿಂಗಳುಗಟ್ಟಲೆ ಇರುಳಿಗೆ, ಸರಾಸರಿ ಎರಡು ಕಿಲೋಮೀಟರಿನಷ್ಟು ದಪ್ಪದ ಹಿಮದ ಹಾಸಿಗೆ ನಮ್ಮಲ್ಲಿ ಸಾಟಿ ಇಲ್ಲ. ಹೋಲಿಕೆ ಅಲ್ಲಿಗೆ ಮುಗಿಯಬೇಕು. ಆದರೆ ಹೋಲಿಸದೆಯೇ ಬರೆದವರು ಸಾಮಾನ್ಯವಾಗಿ ಬೇರೆಯವರ ಹೋಲಿಕೆಯನ್ನು ಕಡ ತಂದಿರುತ್ತಾರೆ: ಬಿಳಿ ಚಾದರ, ಸ್ವರ್ಗ, ಮೌನದ ಸಾಮ್ರಾಜ್ಯ. ಇವು ಯಾವ ನೆಲದಿಂದಲೂ ಬಂದವಲ್ಲ. ಪೊಮಾಸಿ ಟೋಗೋದಿಂದ ಹೊರಟ ಕಾರಣಕ್ಕೇ ಗ್ರೀನ್‌ಲ್ಯಾಂಡನ್ನು ಕಂಡ.

ಖಾಲಿ ಎಂಬ ಮಾತಿಗೆ ಬೆಲೆ ತೆರಬೇಕಾಗುತ್ತದೆ, ಅದಕ್ಕೇ ಈ ತಕರಾರು. ಭಾರತದ ಆರ್ಕ್ಟಿಕ್ ನೆಲೆ ‘ಹಿಮಾದ್ರಿ’ 2008ರಲ್ಲಿ ಶುರುವಾದದ್ದು ಸ್ವಾಲ್‌ಬಾರ್ಡಿನ ನ್ಯೂ-ಓಲೆಸುಂಡ್‌ನಲ್ಲಿ. ಆ ಊರು ಹುಟ್ಟಿದ್ದು ಕಲ್ಲಿದ್ದಲ ಗಣಿಗಾಗಿ. 1962ರಲ್ಲಿ ಗಣಿ ಸ್ಫೋಟದಲ್ಲಿ 21 ಜನ ಸತ್ತ ಮೇಲೆ ಅಗೆತ ನಿಂತಿತು. ಯಾರೂ ಇಲ್ಲದ ಬಿಳಿ ನೆಲ ಎಂದ ಕಡೆಗೆ ಅಗೆಯುವವರು ಮೊದಲು ಬರುತ್ತಾರೆ. ಬಳ್ಳಾರಿ ಜಿಲ್ಲೆಯ ಬೋಳು ಗುಡ್ಡಗಳಿಗೂ ಇದು ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಎಷ್ಟೋ ಗುಡ್ಡಗಳ ಆಕಾರವೇ ಬದಲಾಗಿತ್ತು. ಮಲೆನಾಡಿನ ಕಾಡಿಗೆ ಕುವೆಂಪು, ತೇಜಸ್ವಿ ಇದ್ದರು. ಈ ಕೆಂಪು ಗುಡ್ಡಗಳಿಗೆ, ಎರೆಬಯಲಿಗೆ ಅಂಥ ಗದ್ಯ ಇನ್ನೂ ದಕ್ಕಿಲ್ಲ.

ಮುಂದೆ ಕನ್ನಡದಲ್ಲಿ ಧ್ರುವ ಪ್ರವಾಸದ ಪುಸ್ತಕ ಬಂದಾಗ, ಎಷ್ಟು ದೂರ ಹೋದರು, ಎಷ್ಟು ಚಳಿ ತಡೆದರು ಎಂಬುದಕ್ಕಿಂತ ಈ ಮೂರನ್ನು ಕೇಳೋಣ: ನೆಲ ಕದಲುವುದನ್ನು ಕಂಡರೇ, ತಮ್ಮನ್ನು ತಿದ್ದಿದವರಿಗೆ ಪುಸ್ತಕದಲ್ಲಿ ಜಾಗ ಕೊಟ್ಟರೇ, ತಮ್ಮ ಊರಿನ ಕಣ್ಣನ್ನು ಜೊತೆಗೆ ಒಯ್ದರೇ? ಅಂಥ ಪುಸ್ತಕ ಬರುವ ತನಕ ವಿದ್ಯಾರ್ಥಿಗಳು ಪೊಮಾಸಿ ಮತ್ತು ಲೋಪೆಜ್ ಅವರನ್ನು ಒಟ್ಟಿಗೆ ಓದಲಿ, ಆಮೇಲೆ ‘ಮಹಾಪಲಾಯನ’ವನ್ನು ಮತ್ತೊಮ್ಮೆ ತೆರೆಯಲಿ. ಯಾರಾದರೂ ಪೊಮಾಸಿಯನ್ನು ಕನ್ನಡಕ್ಕೆ ತರುವ ಮನಸ್ಸು ಮಾಡಿದರೆ, ಆ ಕೆಲಸಕ್ಕೆ ಬಯಲುಸೀಮೆಯ ಕನ್ನಡ ಚೆನ್ನಾಗಿ ಒದಗುತ್ತದೆ.